ಮನೇಲಿ ಮಾಡಿದ್ದಕ್ಕೆ ಲೆಕ್ಕ ಯಾರು ಬರೆದರು? ಕುಲಾವಿಯಿಂದ ಕೇಕಿನವರೆಗೆ

ಭಾಗ 1: ಒಂದು ಮಾತು

"ಮನೇಲೇ ಮಾಡೋದಲ್ವಾ, ಸ್ವಲ್ಪ ನೋಡಿ ಹಾಕೊಳ್ಳಿ."

ಈ ಮಾತು ನೀವು ಕೇಳಿರ್ತೀರ. ನಿಮ್ಮ ಬೀದೀಲಿ ಯಾರೋ ಒಬ್ಬ ಅಕ್ಕ ಬರ್ತ್‌ಡೇ ಕೇಕ್ ಮಾಡಿ ಕೊಡ್ತಾರೆ, ಇನ್ಯಾರೋ ಮಗುವಿಗೆ ಉಲ್ಲನ್ ಟೋಪಿ ಹೆಣೆದು ಕೊಡ್ತಾರೆ, ಸಂಕ್ರಾಂತಿ ಬಂದ್ರೆ ಇನ್ನೊಬ್ಬರು ಸಕ್ಕರೆ ಅಚ್ಚಿನ ಆರ್ಡರ್ ತಗೋತಾರೆ. ರೇಟ್ ಕೇಳಿದ ತಕ್ಷಣ ಬರೋ ಮಾತು ಇದೇ. ಬೇಕರಿಯವರ ಹತ್ರ ಯಾರೂ "ಬೇಕರೀಲೇ ಮಾಡಿದ್ದಲ್ವಾ, ಕಮ್ಮಿ ಮಾಡಿ" ಅನ್ನಲ್ಲ. ಮನೆ ಅಂದ ಕೂಡ್ಲೆ ಕಮ್ಮಿ ಆಗ್ಬೇಕು ಅಂತ ನಮಗೆ ಯಾಕೆ ಅನ್ಸುತ್ತೆ?

ತೂಗುಸೇತುವೆ ಫೋಟೋ ನೋಡಿ ನನ್ನ ಪೇಜ್ ಫಾಲೋ ಮಾಡಿದೋರೇ, ಈ ಸಲ ಹೊಳೆ, ಸೇತುವೆ, ದೇವಸ್ಥಾನ ಯಾವುದೂ ಇಲ್ಲ. ಕೊಣನೂರಿನ ಅಡುಗೆಮನೆಗಳ ಕಡೆ ಹೋಗೋಣ. ಮಗು ಹುಟ್ಟಿದಾಗ, ಹೆಸರಿಟ್ಟಾಗ, ಮೊದಲ ಸಂಕ್ರಾಂತಿಗೆ, ಮೊದಲ ಬರ್ತ್‌ಡೇಗೆ ನಮ್ಮ ಮನೆಗಳಲ್ಲಿ ಏನೇನು ಕೈಯಾರೆ ಮಾಡ್ತಿದ್ರು, ಅದು ಯಾವಾಗ ಅಂಗಡಿಗೆ ಹೋಯ್ತು, ಈಗ ಹೆಂಗೆ ಮತ್ತೆ ಮನೆಗೆ ಬರ್ತಿದೆ. ಒಟ್ಟು 9 ಭಾಗ. ಸ್ವೈಪ್ ಮಾಡ್ತಾ ಹೋಗಿ. ನಾನು ಬಿಕಾಂ ಓದ್ತಿರೋದ್ರಿಂದ ಕೊನೇಲಿ ಲೆಕ್ಕಕ್ಕೆ ಬಂದೇ ಬರ್ತೀನಿ. ಬೈಕೋಬೇಡಿ.

ಭಾಗ 2: ಕುಲಾವಿ ಮತ್ತು ಕೌದಿ

ಮೊದಲು ಮಗುವಿನ ಬಟ್ಟೆ. ನಿಮ್ಮ ಅಜ್ಜಿಯನ್ನ ಕೇಳಿ ನೋಡಿ, ಹಸುಗೂಸಿಗೆ ಮೊದಲು ಹೊಸ ಬಟ್ಟೆ ಹಾಕ್ತಿರಲಿಲ್ಲ ಅಂತಾರೆ. ತುಂಬಾ ಸಲ ಒಗೆದು ಮೆತ್ತಗಾದ ಹತ್ತಿ ಸೀರೆಯ ತುಂಡೇ ಮೊದಲ ಬಟ್ಟೆ. ಇದನ್ನ ಬಡತನ ಅಂತಷ್ಟೇ ಅಂದ್ಕೋಬೇಡಿ. ಹೊಸ ಬಟ್ಟೇಲಿ ಗಂಜಿ ಇರುತ್ತೆ, ಒರಟಿರುತ್ತೆ. ಹಳೇ ಸೀರೆ ಬೆವರು ಹೀರುತ್ತೆ, ಬೇಗ ಒಣಗುತ್ತೆ. ನಮ್ಮ ಕಡೆ ಮಳೆಗಾಲದಲ್ಲಿ ಬಟ್ಟೆ ಒಣಗಿಸೋ ಕಷ್ಟ ನಿಮಗೆ ಗೊತ್ತೇ ಇದೆ.

ತಲೆಗೆ ಕುಲಾವಿ. ಕಿವಿ ಮುಚ್ಚುವ ಹಾಗೆ ಹೊಲಿದು ಗದ್ದದ ಕೆಳಗೆ ದಾರ ಕಟ್ಟೋ ಟೋಪಿ. ಅದಕ್ಕೇ ಹಿಂದೆ ಬೆನ್ನಿನ ತನಕ ಬಟ್ಟೆ ಇಳಿಬಿಟ್ಟರೆ ಕುಂಚಿಗೆ. ಚಳಿಗೆ, ಗಾಳಿಗೆ ಒಂದೇ ಉಡುಪು. ಒಂದು ಕುಲಾವಿಗೆ ಬೇಕಾಗೋದು ಗೇಣಗಲದ ಬಟ್ಟೆ, ಸೂಜಿ, ದಾರ, ಒಂದು ಮಧ್ಯಾಹ್ನ. ಅಂಚಿಗೆ ರವಿಕೆ ಕಣದ ಬಣ್ಣದ ಪಟ್ಟಿ ಕೊಟ್ಟರೆ ಅದೇ ಅಲಂಕಾರ.

ಕೆಳಗೆ ಹಾಸಕ್ಕೆ ಕೌದಿ. ಹಳೇ ಸೀರೆ, ಪಂಚೆಗಳನ್ನ ಪದರ ಪದರವಾಗಿ ಹರಡಿ, ಅಂಚಿನಿಂದ ಒಳಗೆ ಬರ್ತಾ ಸಾಲಾಗಿ ಹೊಲಿಗೆ ಹಾಕೋದು. ಉತ್ತರ ಕರ್ನಾಟಕದಲ್ಲಿ ಕೌದಿ ಹೊಲಿಯೋದೇ ಒಂದು ಕಲೆ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರದ ಸಿದ್ದಿ ಹೆಂಗಸರು ಹೊಲಿಯೋ ಕವಂದಿ ಈಗ ದೇಶ ವಿದೇಶದ ಪ್ರದರ್ಶನಗಳಿಗೂ ಹೋಗುತ್ತೆ. ನಮ್ಮ ಕಡೆ ಅಷ್ಟು ಹೆಸರು ಮಾಡಲಿಲ್ಲ, ಆದರೆ ಕೆಲಸ ಅದೇ. ಮಗುವಿನ ಕೌದಿಗೆ ತೆಳು ಪದರ, ಒತ್ತು ಹೊಲಿಗೆ. ಇಲ್ಲಾಂದ್ರೆ ನಾಲ್ಕು ಸಲ ಒಗೆಯೋದ್ರೊಳಗೆ ಒಳಗಿನ ಬಟ್ಟೆ ಮುದ್ದೆಯಾಗುತ್ತೆ.

ಚೊಚ್ಚಲು ಹೆರಿಗೆ ತವರಲ್ಲಿ. ಹಾಗಾಗಿ ಈ ಕೆಲಸವೂ ತವರಿನದ್ದು. ಬಾಣಂತನ ಮುಗಿಸಿ ಮಗಳನ್ನ ಗಂಡನ ಮನೆಗೆ ಕಳಿಸುವಾಗ ಕೊಟ್ಟ ಬೆಳ್ಳಿ ಬಟ್ಟಲು, ಉಡಿದಾರ, ಕಾಲ್ಗಡಗ ಎಲ್ಲರಿಗೂ ನೆನಪಿರುತ್ತೆ, ಯಾಕಂದ್ರೆ ಅದಕ್ಕೆ ರೇಟ್ ಇದೆ. ಜೊತೆಗೆ ಕಳಿಸಿದ ಹತ್ತು ಕುಲಾವಿ, ಎರಡು ಕೌದಿ ಯಾರ ಪಟ್ಟೀಲೂ ಇಲ್ಲ.

ಭಾಗ 3: ಹೆಸರು ಸಿಕ್ಕಿದ್ದು ಯಾವುದಕ್ಕೆ?

ಇಲ್ಲಿ ಒಂದು ವಿಷಯ ಗಮನಿಸಿ. ಮಗುವಿಗೆ ಅಂತ ಮಾಡೋ ವಸ್ತುಗಳಲ್ಲಿ ಎರಡು ನಮ್ಮ ರಾಜ್ಯದಲ್ಲಿ ತುಂಬಾ ಫೇಮಸ್. ಒಂದು ಚನ್ನಪಟ್ಟಣದ ಗೊಂಬೆ. ಹಾಲೆ ಮರವನ್ನ ತಿರುಗಣಿಗೆ ಹಾಕಿ ಕಡೆದು, ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿ ಒತ್ತಿ, ತಾಳೆಗರಿಯಿಂದ ಉಜ್ಜಿ ಹೊಳಪು ತರ್ತಾರೆ. ಮಗು ಬಾಯಿಗಿಟ್ಟರೂ ಭಯವಿಲ್ಲದ ಗಿಲಕಿ ಅಂತ ಅದಕ್ಕೆ ಹೆಸರು. ಅದಕ್ಕೆ ಜಿಐ ಟ್ಯಾಗ್ ಕೂಡ ಇದೆ. ಇನ್ನೊಂದು ಧಾರವಾಡ ಜಿಲ್ಲೆಯ ಕಲಘಟಗಿಯ ಬಣ್ಣದ ತೊಟ್ಟಿಲು.

ಎರಡೂ ಅದ್ಭುತ ಕಸುಬು, ಅನುಮಾನವೇ ಇಲ್ಲ. ಆದರೆ ಎರಡಕ್ಕೂ ಕಾರ್ಖಾನೆ ಅಥವಾ ಕಮ್ಮಟ ಇತ್ತು, ಕೊಳ್ಳೋರು ಇದ್ದರು, ಹಣ ಕೈ ಬದಲಾಯಿಸ್ತಿತ್ತು. ಹಾಗಾಗಿ ಊರಿನ ಹೆಸರು ಅಂಟಿಕೊಂಡಿತು. ಅದೇ ತೊಟ್ಟಿಲೊಳಗೆ ಹಾಸಿದ ಕೌದಿಗೆ, ಮಗುವಿನ ತಲೆ ಮೇಲಿದ್ದ ಕುಲಾವಿಗೆ ಊರಿನ ಹೆಸರೂ ಇಲ್ಲ, ಹೊಲಿದವರ ಹೆಸರೂ ಇಲ್ಲ. ಅದು ಕೈಚಳಕದ ವ್ಯತ್ಯಾಸ ಅಲ್ಲ. ಒಂದು ಸಂತೆಗೆ ಹೋಯ್ತು, ಇನ್ನೊಂದು ಮನೇಲೇ ಸವೆದು ಹೋಯ್ತು. ಅಷ್ಟೇ.

ಭಾಗ 4: ಸಕ್ಕರೆ ಅಚ್ಚಿನ ದಿನಗಳು

ಈ ಫೋಟೋದಲ್ಲಿರೋ ಮರದ ಅಚ್ಚು ನಮ್ಮ ಅಜ್ಜಿಯದ್ದು. ಗೋಪುರ, ಮೀನು, ನವಿಲು, ತುಳಸಿಕಟ್ಟೆ. ಎರಡು ಹಲಗೆ ಸೇರಿಸಿದ್ರೆ ಒಂದು ಆಕಾರ.

ಹಳೇ ಮೈಸೂರು ಸೀಮೇಲಿ ಮಗುವಿನ ಮೊದಲ ಸಂಕ್ರಾಂತಿ ಅಂದ್ರೆ ಸಣ್ಣ ವಿಷಯ ಅಲ್ಲ. ಸಂಜೆ ಮಗುವನ್ನ ಮಣೆ ಮೇಲೆ ಕೂರಿಸಿ, ಎಳಚಿ ಹಣ್ಣು, ಕಬ್ಬಿನ ಚೂರು, ಚಿಲ್ಲರೆ ಕಾಸು ಸೇರಿಸಿ ತಲೆ ಮೇಲಿಂದ ಎರೀತಾರೆ, ಆರತಿ ಮಾಡ್ತಾರೆ. ದೃಷ್ಟಿ ಹೋಗಲಿ ಅಂತ. ಸುತ್ತ ಕೂತ ಮಕ್ಕಳು ಬಿದ್ದಿದ್ದನ್ನ ಆಯ್ಕೊಳ್ಳೋಕೆ ನುಗ್ತಾರೆ. ಆಮೇಲೆ ಬಂದವರಿಗೆಲ್ಲ ಎಳ್ಳು ಬೆಲ್ಲ, ಕಬ್ಬು, ಸಕ್ಕರೆ ಅಚ್ಚು.

ಎಳ್ಳು ಬೆಲ್ಲ ಈಗ ಪ್ಯಾಕೆಟ್‌ನಲ್ಲಿ ಸಿಗುತ್ತೆ, ಆದ್ದರಿಂದ ಅದರ ಹಿಂದಿನ ಕೆಲಸ ನಮಗೆ ಕಾಣಲ್ಲ. ಕೊಬ್ಬರಿಯ ಮೇಲಿನ ಕಪ್ಪು ಸಿಪ್ಪೆ ಹೆರೆದು, ಸಣ್ಣಗೆ ಹೆಚ್ಚಿ, ಬಿಸಿಲಿಗೆ ಒಣಗಿಸಬೇಕು. ಅಚ್ಚು ಬೆಲ್ಲವನ್ನ ಅಡಿಕೆ ಕತ್ತರಿಯಲ್ಲಿ ಕಾಳಿನಷ್ಟು ಚೂರು ಮಾಡಿ ಅದನ್ನೂ ಒಣಗಿಸಬೇಕು. ಕಡ್ಲೆಕಾಯಿ ಬೀಜ ಹುರಿದು ಸಿಪ್ಪೆ ತೆಗೆದು ಬೇಳೆ ಮಾಡಬೇಕು. ಎಳ್ಳು ತೊಳೆದು ಹುರಿಯಬೇಕು. ಹುರಿಗಡಲೆ ಸೇರಿಸಬೇಕು. ಹಬ್ಬಕ್ಕೆ ಎರಡು ವಾರ ಮೊದಲೇ ಕೆಲಸ ಶುರು.

ಸಕ್ಕರೆ ಅಚ್ಚು ಇನ್ನೂ ಸೂಕ್ಷ್ಮ. ಮರದ ಅಚ್ಚನ್ನ ರಾತ್ರಿಯೆಲ್ಲ ನೀರಲ್ಲಿ ನೆನೆಸಿಡಬೇಕು, ಒಣ ಮರಕ್ಕೆ ಪಾಕ ಕಚ್ಚಿಕೊಂಡುಬಿಡುತ್ತೆ. ಸಕ್ಕರೆಗೆ ನೀರು ಹಾಕಿ ಕುದಿಸಿ, ಸ್ವಲ್ಪ ಹಾಲು ಬಿಟ್ಟರೆ ಕೊಳೆ ನೊರೆಯಾಗಿ ಮೇಲೆ ಬರುತ್ತೆ. ಅದನ್ನ ತೆಗೆದು ಬಟ್ಟೇಲಿ ಸೋಸಬೇಕು. ಆಮೇಲೆ ಸ್ವಲ್ಪ ಸ್ವಲ್ಪವೇ ಪಾಕ ತಗೊಂಡು ಗಟ್ಟಿಯಾಗೋವರೆಗೆ ಕಾಯಿಸಿ, ತಿರುವಿ, ಅದು ಬೆಳ್ಳಗಾಗೋಕೆ ಶುರುವಾದ ಗಳಿಗೆಯಲ್ಲಿ ಅಚ್ಚಿಗೆ ಸುರಿಯಬೇಕು. ಒಂದು ನಿಮಿಷ ಮುಂಚೆ ಸುರಿದರೆ ಗಟ್ಟಿಯಾಗಲ್ಲ. ಒಂದು ನಿಮಿಷ ತಡವಾದ್ರೆ ಪಾತ್ರೇಲೇ ಸಕ್ಕರೆಯಾಗಿ ಕೂರುತ್ತೆ. ಥರ್ಮಾಮೀಟರ್ ಇಲ್ಲ, ಟೈಮರ್ ಇಲ್ಲ. ಕಣ್ಣು ಮತ್ತು ಕೈ ಮಾತ್ರ.

1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಶುರುವಾಯ್ತು. ನಮ್ಮ ಸೀಮೆಯ ಪಕ್ಕದಲ್ಲೇ ಬಿಳಿ ಸಕ್ಕರೆ ತಯಾರಾಗೋಕೆ ಶುರುವಾಯ್ತು ಅಂತ ನಾವು ಪಾಠದಲ್ಲಿ ಓದ್ತೀವಿ. ಟನ್ ಲೆಕ್ಕ, ಲಾಭದ ಲೆಕ್ಕ ಎಲ್ಲ ದಾಖಲೆಯಲ್ಲಿದೆ. ಆ ಸಕ್ಕರೆಯನ್ನ ಮನೇಲಿ ನವಿಲು ಮಾಡಿದೋರ ಲೆಕ್ಕ ಯಾವ ದಾಖಲೇಲೂ ಇಲ್ಲ.

ಭಾಗ 5: ನಮ್ಮಲ್ಲಿ ಬೇಕಿಂಗ್ ಇರಲೇ ಇಲ್ವಾ?

ಬೇಕಿಂಗ್ ಅಂದ್ರೆ ಇಂಗ್ಲಿಷರು ತಂದಿದ್ದು ಅಂತ ಎಲ್ಲರೂ ಅಂತಾರೆ. ಓವನ್, ಬ್ರೆಡ್ಡು, ಕೇಕು ಮಟ್ಟಿಗೆ ಅದು ಸರಿ. ಆದರೆ ಮೇಲೂ ಕೆಳಗೂ ಬಿಸಿ ಕೊಟ್ಟು ಹಿಟ್ಟು ಬೇಯಿಸೋ ವಿದ್ಯೆ ನಮ್ಮವರಿಗೆ ಹೊಸದಲ್ಲ.

ಮೂರನೇ ಮಂಗರಸ ಅಂತ ಒಬ್ಬ ಕವಿ. ಚೆಂಗಾಳ್ವ ಅರಸರ ಕಾಲದಲ್ಲಿ ಕಲ್ಲಹಳ್ಳಿಯ ಒಡೆಯನಾಗಿದ್ದವನು. ಚೆಂಗಾಳ್ವರು ಅಂದ್ರೆ ದೂರದೋರಲ್ಲ, ಕಾವೇರಿಯ ಆ ಕಡೆ ಇರೋ ಪಿರಿಯಾಪಟ್ಟಣ ಸೀಮೆಯೋರು. 16ನೇ ಶತಮಾನದ ಆರಂಭದಲ್ಲಿ ಈ ಮಂಗರಸ ಕನ್ನಡದಲ್ಲಿ 'ಸೂಪಶಾಸ್ತ್ರ' ಅನ್ನೋ ಅಡುಗೆ ಪುಸ್ತಕವನ್ನ ಪದ್ಯದಲ್ಲಿ ಬರೆದ. ಅದರಲ್ಲಿ ಬಗೆಬಗೆಯ ರೊಟ್ಟಿಗಳಿವೆ. ಅದರಲ್ಲೊಂದು ಮುಚ್ಚಳ ರೊಟ್ಟಿ. ಹಿಟ್ಟನ್ನ ಹೆಂಚಿನ ಮೇಲಿಟ್ಟು, ಮುಚ್ಚಿ, ಕೆಳಗೂ ಮೇಲೂ ಕೆಂಡ ಹಾಕಿ ಬೇಯಿಸೋದು. ಇದಕ್ಕೂ ಮುಂಚೆ, ಸುಮಾರು 1025ರಲ್ಲಿ, ಎರಡನೇ ಚಾವುಂಡರಾಯನ 'ಲೋಕೋಪಕಾರ'ದಲ್ಲೂ ಅಡುಗೆಗೆ ಅಂತ ಒಂದು ಅಧ್ಯಾಯ ಇದೆ.

ಹಳೇ ಕಾಲದೋರು ರವೆ, ಮೊಸರು, ಸಕ್ಕರೆ ಕಲಸಿ ಪಾತ್ರೆಗೆ ಹಾಕಿ, ಮುಚ್ಚಳದ ಮೇಲೂ ಕೆಂಡ ಹರಡಿ 'ಕೇಕು' ಮಾಡ್ತಿದ್ರು ಅಂತ ನಿಮ್ಮ ಮನೇಲಿ ಯಾರಾದ್ರೂ ಹೇಳಿದ್ರೆ ನಗಬೇಡಿ. ಅದು ಮಂಗರಸನ ಮುಚ್ಚಳದ ವಿದ್ಯೆಯೇ.

ಇಲ್ಲೂ ಅದೇ ಕಥೆ. ಪುಸ್ತಕ ಬರೆದವರ ಹೆಸರು 500 ವರ್ಷ, 1000 ವರ್ಷ ಆದ್ಮೇಲೂ ನಮಗೆ ಗೊತ್ತು. ಅಡುಗೆ ಮಾಡ್ತಿದ್ದೋರ ಹೆಸರು ಗೊತ್ತಿಲ್ಲ.

ಭಾಗ 6: ಕೇಕು ಬಂದ ದಾರಿ

ಮೇಣದಬತ್ತಿ ಹಚ್ಚೋ ಕೇಕಿನ ಹಳೇ ಸುದ್ದಿ ಜರ್ಮನಿಯಿಂದ ಬರುತ್ತೆ. 1746ರಲ್ಲಿ ಕೌಂಟ್ ಝಿನ್‌ಝೆನ್‌ಡಾರ್ಫ್ ಅನ್ನೋ ದೊಡ್ಡ ಮನುಷ್ಯನ ಹುಟ್ಟುಹಬ್ಬದಲ್ಲಿ, ವಯಸ್ಸು ಎಷ್ಟೋ ಅಷ್ಟು ತೂತು ಮಾಡಿ, ಒಂದೊಂದರಲ್ಲಿ ಒಂದೊಂದು ಬತ್ತಿ, ನಡುವೆ ಇನ್ನೊಂದು ಇಟ್ಟಿದ್ದರಂತೆ.

ಎರಡನೇ ಊರು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್. ಅಲ್ಲಿ ಆಲ್ಫ್ರೆಡ್ ಬರ್ಡ್ ಅನ್ನೋ ಔಷಧಿ ಅಂಗಡಿಯವನ ಹೆಂಡತಿ ಎಲಿಜಬೆತ್‌ಗೆ ಮೊಟ್ಟೆ ಆಗ್ತಿರಲಿಲ್ಲ, ಯೀಸ್ಟ್ ಕೂಡ ಆಗ್ತಿರಲಿಲ್ಲ. ಅವಳಿಗೋಸ್ಕರ ಅವನು 1837ರಲ್ಲಿ ಮೊಟ್ಟೆ ಇಲ್ಲದ ಕಸ್ಟರ್ಡ್ ಪುಡಿ ಮಾಡಿದ, 1843ರಲ್ಲಿ ಯೀಸ್ಟ್ ಇಲ್ಲದೆ ಹಿಟ್ಟು ಉಬ್ಬಿಸೋ ಬೇಕಿಂಗ್ ಪೌಡರ್ ಮಾಡಿದ. ಎರಡೂ ಒಂದು ಮನೆಯ ಊಟದ ತೊಂದರೆಯಿಂದ ಹುಟ್ಟಿದ ಪುಡಿಗಳು. ಇವತ್ತು ನಮ್ಮೂರಲ್ಲಿ ಎಗ್‌ಲೆಸ್ ಕೇಕ್ ಉಬ್ಬೋದರ ಹಿಂದೆ ಬರ್ಮಿಂಗ್‌ಹ್ಯಾಮಿನ ಆ ಹೆಂಗಸಿನ ಹೊಟ್ಟೆಯೂ ಇದೆ.

ಮೂರನೇದು ನಮ್ಮ ಪಕ್ಕದ ಕೇರಳದ ತಲಶ್ಶೇರಿ. ಬರ್ಮಾದಲ್ಲಿ ಬಿಸ್ಕೆಟ್ ಮಾಡೋದು ಕಲಿತು ಬಂದ ಮಂಬಳ್ಳಿ ಬಾಪು 1880ರಲ್ಲಿ ರಾಯಲ್ ಬಿಸ್ಕೆಟ್ ಫ್ಯಾಕ್ಟರಿ ತೆರೆದರು. 1883ರಲ್ಲಿ ಮರ್ಡಾಕ್ ಬ್ರೌನ್ ಅನ್ನೋ ತೋಟದ ಸಾಹೇಬ ಇಂಗ್ಲೆಂಡಿನ ಒಂದು ಕೇಕ್ ತೋರಿಸಿ "ಇಂಥದ್ದು ಮಾಡ್ತೀಯಾ" ಅಂತ ಕೇಳಿದ. ಬಾಪು ಮಾಡಿ ಕೊಟ್ಟರು. ಭಾರತದವರು ಮಾಡಿದ ಮೊದಲ ಕ್ರಿಸ್‌ಮಸ್ ಕೇಕ್ ಅದು ಅಂತ ಹೇಳ್ತಾರೆ.

ಹೀಗೆ ಹೊರಗಿಂದ ಬಂದ ತಿಂಡಿ ನಮ್ಮ ಮೈಸೂರು ಸೀಮೆಯ ಮನೆಮನೆಗೆ ಹೆಂಗೆ ಬಂತು? ಉತ್ತರ ನಮ್ಮ ಜಿಲ್ಲೇಲೇ ಇದೆ.

ಭಾಗ 7: ಹಾಸನದ ಹುಡುಗರು, ಚಿಕ್ಕಪೇಟೆಯ ಬೇಕರಿ

ಬೆಂಗಳೂರಿಂದ ಹಿಡಿದು ಹೆದ್ದಾರಿ ಪಕ್ಕದ ಸಣ್ಣ ಊರುಗಳ ತನಕ 'ಅಯ್ಯಂಗಾರ್ ಬೇಕರಿ' ಬೋರ್ಡ್ ಇಲ್ಲದ ಜಾಗ ಇಲ್ಲ. ಖಾರಾ ಬನ್, ಆಲೂ ಬನ್, ದಿಲ್ ಪಸಂದ್, ಬೆಣ್ಣೆ ಬಿಸ್ಕೆಟ್, ಮೇಲೆ ಜಾಮ್ ಹಚ್ಚಿ ಕೊಬ್ಬರಿ ತುರಿ ಉದುರಿಸಿದ ಹನಿ ಕೇಕ್. ಇದು ಶುರುವಾಗಿದ್ದು ನಮ್ಮ ಹಾಸನ ಜಿಲ್ಲೆಯ ಹುಳಿಕಲ್ಲಿನಿಂದ ಹೋದವರಿಂದ. ಎಚ್.ಎಸ್. ತಿರುಮಲಾಚಾರ್ ಮತ್ತು ಅವರ ಅಣ್ಣತಮ್ಮಂದಿರು ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಸಿಹಿತಿಂಡಿ ಅಂಗಡಿ ಇಟ್ಟಿದ್ದರು. ಅಲ್ಲಿಗೆ ಬರ್ತಿದ್ದ, ವೆಸ್ಟ್ ಎಂಡ್ ಹೋಟೆಲಿನ ಒಬ್ಬ ಇಂಗ್ಲಿಷಿನವನು ಅವರಿಗೆ ಬ್ರೆಡ್ ಮಾಡೋದು ಕಲಿಸಿದ ಅಂತ ಕಥೆ ಇದೆ. 1898ರಲ್ಲಿ ಬೆಂಗಳೂರು ಬ್ರದರ್ಸ್ ಬೇಕರಿ, ಅಂದ್ರೆ ಬಿ.ಬಿ. ಬೇಕರಿ, ಶುರುವಾಯ್ತು. ಆಮೇಲೆ ನೆಂಟರು, ಊರಿನವರು ಒಬ್ಬೊಬ್ಬರಾಗಿ ಬಂದು ಕೆಲಸ ಕಲಿತು, ತಮ್ಮದೇ ಅಂಗಡಿ ತೆರೆದರು. ಇವತ್ತಿಗೂ ಎಷ್ಟೋ ಅಯ್ಯಂಗಾರ್ ಬೇಕರಿಯವರ ಮೂಲ ಕೇಳಿದ್ರೆ ಹಾಸನ ಜಿಲ್ಲೆ ಅಂತಾರೆ.

ಇದನ್ನ ಬಿಕಾಂ ಕಣ್ಣಿಂದ ನೋಡಿ. ಆ ಕಾಲದ ಸಂಪ್ರದಾಯಸ್ಥ ಮನೆಗಳಿಗೆ ಕೇಕ್ ಅಂದ್ರೆ ಮೊಟ್ಟೆ, ಬ್ರೆಡ್ ಅಂದ್ರೆ ಪರಕೀಯರ ಊಟ ಅಥವಾ ಜ್ವರ ಬಂದೋರ ಊಟ. ಅಂಗಡಿ ಮೇಲೆ 'ಅಯ್ಯಂಗಾರ್' ಅಂತ ಇದ್ದರೆ ಒಳಗೆ ಮೊಟ್ಟೆ ಇಲ್ಲ ಅನ್ನೋ ಭರವಸೆ. ನಾವು ಅಕೌಂಟ್ಸ್‌ನಲ್ಲಿ ಗುಡ್‌ವಿಲ್ ಅಂತೀವಲ್ಲ, ಅದು. ಇಲ್ಲಿ ಗುಡ್‌ವಿಲ್ ಆಗಿ ಕೆಲಸ ಮಾಡಿದ್ದು ಒಂದು ಜಾತಿಯ ಹೆಸರು ಅನ್ನೋದನ್ನೂ ಮುಚ್ಚಿಡೋದು ಬೇಡ. ಅದೇ ರುಚಿಯ ಬನ್ನನ್ನ ಬೇರೆ ಜಾತಿಯವರು ಆ ಕಾಲದಲ್ಲಿ ಮಾಡಿ ಮಾರಿದ್ದರೆ ಅದೇ ಮನೆಗಳು ಕೊಳ್ತಿದ್ವಾ? ನೀವೇ ಯೋಚನೆ ಮಾಡಿ.

ಇನ್ನೊಂದು ಬದಲಾವಣೆ ಪಕ್ಕದಲ್ಲೇ ನಡೀತು: ಹುಟ್ಟುಹಬ್ಬವೇ ಬದಲಾಯ್ತು. ಮೊದಲು ಮಗುವಿನ ಹುಟ್ಟಿದಹಬ್ಬ ಅಂದ್ರೆ ತಿಂಗಳು, ನಕ್ಷತ್ರ ನೋಡಿ ಎಣ್ಣೆನೀರು, ಹೊಸ ಬಟ್ಟೆ, ಆರತಿ, ಪಾಯಸ. ಇಂಗ್ಲಿಷ್ ತಾರೀಖು ಎಷ್ಟೋ ಜನಕ್ಕೆ ಗೊತ್ತೇ ಇರಲಿಲ್ಲ. ಸ್ಕೂಲಿಗೆ ಸೇರಿಸುವಾಗ ಮೇಷ್ಟ್ರು ಬರೆದದ್ದೇ ತಾರೀಖು. ನಿಮ್ಮ ತಾತಂದಿರಲ್ಲಿ ಎಷ್ಟು ಜನ ಜೂನ್ 1ಕ್ಕೆ ಹುಟ್ಟಿದ್ದಾರೆ ನೋಡಿ! 1969ರಲ್ಲಿ ಜನನ ಮರಣ ನೋಂದಣಿ ಕಾಯ್ದೆ ಬಂತು. ಆಸ್ಪತ್ರೆ ಹೆರಿಗೆ ಹೆಚ್ಚಾಯ್ತು, ಸರ್ಟಿಫಿಕೇಟ್ ಬಂತು, ತಾರೀಖು ಗಟ್ಟಿಯಾಯ್ತು. ತಾರೀಖಿನ ಹುಟ್ಟುಹಬ್ಬಕ್ಕೆ ಪಾಯಸಕ್ಕಿಂತ ಕೇಕು ಹೊಂದಿಕೊಳ್ತು.

ಪಾಯಸ ಮಾಡ್ತಿದ್ದೋರು ಅಮ್ಮ. ಅದಕ್ಕೆ ಬಿಲ್ ಇರಲಿಲ್ಲ. ಕೇಕ್ ಮಾಡಿದ್ದು ಅಂಗಡಿ. ಅದಕ್ಕೆ ಬಿಲ್ ಬಂತು. ಮಗುವಿನ ಸಂಭ್ರಮದ ಒಂದು ಕೆಲಸಕ್ಕೆ ಬೆಲೆ ಅಂತ ಒಂದು ಕಂಡಿದ್ದು ಅದು ಮನೆ ಬಿಟ್ಟು ಹೊರಗೆ ಹೋದ ಮೇಲೆ.

ಭಾಗ 8: ಕೇಕು ಮನೆಗೆ ವಾಪಸ್ ಬಂತು

ಅಡುಗೆಮನೆ ಸುಮ್ಮನೆ ಕೂರಲಿಲ್ಲ. ಓವನ್ ಇಲ್ಲದಿದ್ರೆ ಪ್ರೆಷರ್ ಕುಕ್ಕರ್. ತಳಕ್ಕೆ ಒಂದು ಪದರ ಮರಳು ಅಥವಾ ಉಪ್ಪು ಹಾಕಿ, ಗ್ಯಾಸ್ಕೆಟ್ಟೂ ವೆಯಿಟ್ಟೂ ತೆಗೆದಿಟ್ಟು, ನೀರು ಹಾಕದೆ ಕಾಯಿಸಿ, ಒಳಗೆ ಕೇಕಿನ ಡಬ್ಬಿ ಇಟ್ಟು ಸಣ್ಣ ಉರೀಲಿ ಬೇಯಿಸೋದು. ಮರಳು ಬಿಸಿಯನ್ನ ಸಮವಾಗಿ ಹಂಚುತ್ತೆ, ಮುಚ್ಚಳ ಮೇಲಿನಿಂದ ಬಿಸಿ ಹಿಡಿಯುತ್ತೆ. ಮುಚ್ಚಳ ರೊಟ್ಟಿಯ ಮೊಮ್ಮಗಳು ಅನ್ನಿ. ಮೊಟ್ಟೆ ಬದಲು ಮೊಸರು ಮತ್ತು ಸೋಡಾ ಪುಡಿ, ಇಲ್ಲಾಂದ್ರೆ ಡಬ್ಬಿಯ ಮಂದ ಹಾಲು. ಮೊಸರಿನ ಹುಳಿ ಸೋಡಾ ಜೊತೆ ಸೇರಿದಾಗ ಗಾಳಿ ಗುಳ್ಳೆ ಏಳುತ್ತೆ, ಹಿಟ್ಟು ಉಬ್ಬುತ್ತೆ. ಅದಕ್ಕೇ ಕಲಸಿದ ತಕ್ಷಣ ಒಲೆ ಮೇಲಿಡಬೇಕು, ಕಾಯಿಸಿದ್ರೆ ಗುಳ್ಳೆ ಹೋಗಿ ಕೇಕು ಕಲ್ಲಾಗುತ್ತೆ.

ಆಮೇಲೆ ಯೂಟ್ಯೂಬ್ ಬಂತು. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆಯ್ತು. ಬೇಕರಿ ಬಾಗಿಲು ಹಾಕಿದ್ರೂ ಮಕ್ಕಳ ಬರ್ತ್‌ಡೇ ನಿಲ್ಲಲಿಲ್ಲ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಮೊದಲ ಕೇಕ್ ಆಗಿದ್ದು ಆ ದಿನಗಳಲ್ಲಿ. ಕೆಲವರು ಅಲ್ಲಿಗೇ ಬಿಟ್ಟರು, ಕೆಲವರು ಓಟಿಜಿ ತಗೊಂಡು ಆರ್ಡರ್ ಶುರು ಮಾಡಿದರು. ಈಗ ಕುಲಾವಿಯೂ ಕ್ರೋಶಾ ಟೋಪಿಯಾಗಿ ಇದೇ ಆ್ಯಪ್‌ನಲ್ಲಿ ಮಾರಾಟ ಆಗುತ್ತೆ. ನಾಮಕರಣದ ತೊಟ್ಟಿಲಿನ ಹೂವಿನ ಅಲಂಕಾರ, ಸೀಮಂತಕ್ಕೆ ಕೆತ್ತಿದ ಕೊಬ್ಬರಿ ಗಿಟುಕು, ಮೊಗ್ಗಿನ ಜಡೆ, ಆರತಿ ತಟ್ಟೆ, ಎಲ್ಲಕ್ಕೂ ಆರ್ಡರ್ ಇದೆ.

ಶುರು ಮಾಡಬೇಕು ಅಂತಿರೋ ಗೆಳತಿಯರಿಗೆ ಒಂದು ಮಾತು: ಮನೇಲಿ ಮಾಡಿ ಮಾರೋದೂ ಕಾನೂನಿನ ಪ್ರಕಾರ ಆಹಾರ ಉದ್ಯಮವೇ. 2011ರ ಎಫ್‌ಎಸ್‌ಎಸ್‌ಎಐ ನಿಯಮಗಳು ವರ್ಷಕ್ಕೆ 12 ಲಕ್ಷ ರೂಪಾಯಿ ಮೀರದ ವಹಿವಾಟಿನವರನ್ನ ಸಣ್ಣ ಉದ್ಯಮ ಅಂತ ಕರೆದು, ಲೈಸೆನ್ಸ್ ಬದಲು ಸರಳ ನೋಂದಣಿ ಇಟ್ಟವು, ವರ್ಷಕ್ಕೆ 100 ರೂಪಾಯಿ ಶುಲ್ಕ. ನಿಯಮ ಆಗಾಗ ಬದಲಾಗುತ್ತೆ, ಆದ್ದರಿಂದ ಅರ್ಜಿ ಹಾಕೋ ದಿನ ವೆಬ್‌ಸೈಟ್ ನೋಡ್ಕೊಳ್ಳಿ. ಆ ನಂಬರ್ ಡಬ್ಬಿ ಮೇಲೆ ಬಂದ ದಿನ ಒಂದು ಅಡುಗೆಮನೆ ಮೊದಲ ಸಲ ಸರ್ಕಾರದ ಕಾಗದದಲ್ಲಿ ಕಾಣುತ್ತೆ. ಸಣ್ಣ ವಿಷಯ ಅಲ್ಲ.

ಭಾಗ 9: ಈಗ ಲೆಕ್ಕ

ನಮ್ಮ ಪಕ್ಕದ ರಾಮನಾಥಪುರದ ಹೊಗೆಸೊಪ್ಪು ಮಾರುಕಟ್ಟೆ ನೋಡಿದೀರಲ್ಲ? ಪ್ರತಿ ಬೇಲಿಗೂ ತೂಕ, ದರ್ಜೆ, ರೇಟು, ಚೀಟಿ. ಒಂದು ಕೆಜಿ ಹೆಚ್ಚು ಕಮ್ಮಿ ಆದ್ರೆ ರೈತ ಕೇಳ್ತಾನೆ, ಕೇಳಲೇಬೇಕು. ಅದೇ ಮನೇಲಿ ಸಂಜೆ ಕೂತು ಮಗುವಿಗೆ ಕೌದಿ ಹೊಲಿದ ಅಜ್ಜಿಗೆ ಚೀಟಿ ಇಲ್ಲ.

ಇದು ನಮ್ಮೂರಿನ ಸಮಸ್ಯೆ ಮಾತ್ರ ಅಲ್ಲ. ಅರ್ಥಶಾಸ್ತ್ರಜ್ಞ ಎ.ಸಿ. ಪಿಗೂ 1920ರಲ್ಲೇ ತನ್ನ ಪುಸ್ತಕದಲ್ಲಿ ಒಂದು ತಮಾಷೆಯ ಉದಾಹರಣೆ ಕೊಟ್ಟಿದ್ದ. ಒಬ್ಬ ಮನುಷ್ಯ ತನ್ನ ಮನೆಕೆಲಸದವಳನ್ನೇ ಮದುವೆಯಾದರೆ ದೇಶದ ವರಮಾನ ಕಮ್ಮಿಯಾಗುತ್ತೆ. ಕೆಲಸ ಅದೇ, ಮಾಡೋಳೂ ಅವಳೇ. ಸಂಬಳ ನಿಂತಿತು, ಆದ್ದರಿಂದ ಲೆಕ್ಕದಿಂದ ಹೋಯ್ತು. ಇವತ್ತಿಗೂ ಮನೆಯವರಿಗೇ ಅಂತ ಮಾಡೋ ಅಡುಗೆ, ಮಗುವಿನ ಆರೈಕೆ ಜಿಡಿಪಿಗೆ ಸೇರಲ್ಲ. ಕೇಂದ್ರ ಸರ್ಕಾರದ 2019ರ ಸಮಯ ಬಳಕೆ ಸಮೀಕ್ಷೆಯಲ್ಲಿ, ಸಂಬಳವಿಲ್ಲದ ಮನೆಕೆಲಸ ಮಾಡೋ ಹೆಂಗಸರು ಅದಕ್ಕೆ ದಿನಕ್ಕೆ 299 ನಿಮಿಷ ಕೊಡ್ತಿದ್ದರು, ಅಂಥ ಕೆಲಸ ಮಾಡೋ ಗಂಡಸರು 97 ನಿಮಿಷ. 2024ರ ಸಮೀಕ್ಷೆಯಲ್ಲಿ ಹೆಂಗಸರದ್ದು 289, ಗಂಡಸರದ್ದು 88. ಐದು ವರ್ಷದಲ್ಲಿ ಹೆಂಗಸರಿಗೆ ಉಳಿದದ್ದು 10 ನಿಮಿಷ. ಗಂಡಸರೂ 9 ನಿಮಿಷ ಉಳಿಸಿಕೊಂಡರು!

ಈಗ ಕಾಸ್ಟ್ ಶೀಟ್ ಬರೆಯೋಣ. ನಂಬರ್ ನೀವೇ ಹಾಕಿ. ಮೈದಾ, ಸಕ್ಕರೆ, ಬೆಣ್ಣೆ, ಕ್ರೀಮು: ಸಾಮಾನಿನ ಖರ್ಚು. ಗ್ಯಾಸು, ಕರೆಂಟು, ಡಬ್ಬಿ, ತಲುಪಿಸೋ ಪೆಟ್ರೋಲು: ಓವರ್‌ಹೆಡ್. ಓಟಿಜಿ ಸವೆಯೋದು: ಡಿಪ್ರಿಸಿಯೇಷನ್. ಇಷ್ಟನ್ನ ಎಲ್ಲರೂ ಬರೀತಾರೆ. ನಡುವೆ ಒಂದು ಸಾಲು ಖಾಲಿ ಬಿಡ್ತಾರೆ: ಕೂಲಿ. ಕಲಸಿದ್ದು, ಬೇಯಿಸಿದ್ದು, ರಾತ್ರಿ ಹನ್ನೊಂದಕ್ಕೆ ಕ್ರೀಮು ಹಚ್ಚಿದ್ದು, ಮಗುವಿನ ಹೆಸರನ್ನ ತಪ್ಪಿಲ್ಲದೆ ಬರೆದಿದ್ದು. ನಮ್ಮ ಅತ್ತಿಗೆಯ ಆರ್ಡರ್ ಪುಸ್ತಕ ನೋಡಿದೆ. ಸಾಮಾನು ರೂಪಾಯಿ ಲೆಕ್ಕದಲ್ಲಿ ಪಕ್ಕಾ ಇತ್ತು, ಗಂಟೆಗಳಿಗೆ ಜಾಗವೇ ಇರಲಿಲ್ಲ. "ಅದೇನು ಬರೆಯೋದು, ಮನೇಲೇ ಇರ್ತೀನಲ್ಲ" ಅಂದರು. ನೋಡಿ, ಗಿರಾಕಿ ಹೇಳೋ ಮಾತನ್ನೇ ಅವರೂ ಹೇಳಿದರು.

"ಮನೇಲೇ ಮಾಡೋದಲ್ವಾ" ಅನ್ನೋ ಮಾತು ಹುಟ್ಟಿದ್ದು ಇಲ್ಲಿ. ನಮ್ಮ ಅಜ್ಜಿ, ಮುತ್ತಜ್ಜಿಯರು ಬೆಲೆ ಕೇಳದೆ ಮಾಡಿದರು. ನಾವು ಬೆಲೆಯೇ ಇಲ್ಲ ಅಂದ್ಕೊಂಡ್ವಿ. ಪ್ರೀತಿಯಿಂದ ಮಾಡಿದ್ದು ಅನ್ನೋದು ನಿಜ. ಆದರೆ ಪ್ರೀತಿಗೆ ಗಂಟೆ ಲೆಕ್ಕ ಬೇಡ, ಬೇರೆಯವರ ಮಗುವಿನ ಕೇಕಿಗೆ ಬೇಕು.

ಹಾಗಂತ ಎಲ್ಲರೂ ಮತ್ತೆ ಕೊಬ್ಬರಿ ಹೆಚ್ಚೋಕೆ ಕೂರಬೇಕು ಅಂತ ನಾನು ಹೇಳ್ತಿಲ್ಲ. ಪ್ಯಾಕೆಟ್ ಎಳ್ಳು ಬೆಲ್ಲ ತಂದು ಎರಡು ವಾರ ಉಳಿಸಿಕೊಂಡ ಅಮ್ಮ ತಪ್ಪು ಮಾಡಿಲ್ಲ. ಆ ಎರಡು ವಾರ ಅವಳದ್ದು. ಹಳೇ ಕಾಲ ಚೆನ್ನಾಗಿತ್ತು ಅನ್ನೋಕೆ ಮುಂಚೆ, ಅದು ಯಾರ ನಿದ್ದೆ ಕೆಡಿಸಿ ಚೆನ್ನಾಗಿತ್ತು ಅಂತಲೂ ಕೇಳ್ಕೊಳ್ಳೋಣ.

ನಿಮಗೆ ಎರಡೇ ಕೆಲಸ. ಒಂದು, ಮುಂದಿನ ಸಲ ಮನೇಲಿ ಕೇಕ್ ಮಾಡೋರ ಹತ್ರ ಆರ್ಡರ್ ಕೊಟ್ಟಾಗ ಹೇಳಿದ ರೇಟ್ ಕೊಡಿ. ಕೈಗೆಟುಕಲ್ಲ ಅಂದ್ರೆ ಅರ್ಧ ಕೆಜಿ ತಗೊಳ್ಳಿ, ಕೂಲಿ ಕತ್ತರಿಸಬೇಡಿ. ಎರಡು, ನಿಮ್ಮ ಮನೆ ಬೀರು, ಅಟ್ಟ ಹುಡುಕಿ. ಕುಲಾವಿ, ಕೌದಿ, ಮರದ ಅಚ್ಚು ಏನಾದ್ರೂ ಸಿಕ್ಕರೆ ಫೋಟೋ ತೆಗೆದು, ಮಾಡಿದವರ ಹೆಸರು, ಯಾವ ಮಗುವಿಗೆ, ಯಾವ ಸೀರೆಯಿಂದ, ಎಷ್ಟು ದಿನ ಹಿಡೀತು ಅಂತ ಕೇಳಿ ಬರೆದಿಡಿ. ಹೇಳೋ ಅಜ್ಜಿಯರು ಇರೋವಾಗಲೇ ಕೇಳಿ.

ಸಿಕ್ಕಿದ್ದನ್ನ ಈ ಟ್ಯಾಗ್‌ನಲ್ಲಿ ಹಾಕಿ, ನಾನು ಒಂದೊಂದಾಗಿ ಸ್ಟೋರೀಲಿ ಹಾಕ್ತೀನಿ.

#ಕೊಣನೂರು #ಹಾಸನ #ಕುಲಾವಿ #ಸಕ್ಕರೆಅಚ್ಚು #ಮನೇಲಿಮಾಡಿದ್ದು